ಕಾರಿನ ಕುಲ-ಗೋತ್ರ

1957ರ ಅಕ್ಟೋಬರ್ ಕೊನೆಯ ದಿನ ಟೊಯೋಟಾ ಕಂಪನಿ ಅಮೆರಿಕದ ಹಾಲಿವುಡ್‌ನಲ್ಲಿ ಅಂಗಡಿ ತೆರೆಯಿತು. ಬೇರೊಂದು ಕಂಪನಿಯ ಕಾರು ಮಾರುತ್ತಿದ್ದ ಹಳೆಯ ಶೋರೂಮೇ ಅದರ ಕಚೇರಿ. ಮಾರಲು ತಂದದ್ದು ‘ಟೊಯೊಪೆಟ್ ಕ್ರೌನ್’. ಜಪಾನಿನ ಒರಟು ರಸ್ತೆಗಳಿಗೆಂದು ಗಟ್ಟಿಮುಟ್ಟಾಗಿ ಕಟ್ಟಿದ್ದ ಈ ಕಾರು ಅಲ್ಲಿನ ಟ್ಯಾಕ್ಸಿಯವರಿಗೆ ಅಚ್ಚುಮೆಚ್ಚು. ಆದರೆ ಕ್ಯಾಲಿಫೋರ್ನಿಯಾದ ಹೆದ್ದಾರಿಗೆ ಇಳಿದದ್ದೇ ತಡ, ಅದರ ಬಂಡವಾಳ ಬಯಲಾಯಿತು. ವೇಗ ಹೆಚ್ಚಿಸಿದರೆ ಮೈಯೆಲ್ಲ ನಡುಕ, ಏರು ಬಂದರೆ ಏದುಸಿರು, ಸ್ವಲ್ಪ ದೂರ ಓಡಿಸಿದರೆ ಎಂಜಿನ್ ಕಾದು ಕೆಂಡ. 1958ರ ಇಡೀ ವರ್ಷ ಅಲ್ಲಿ ಮಾರಾಟವಾದದ್ದು 287 ಕ್ರೌನ್ ಮತ್ತು ಒಂದೇ ಒಂದು ಲ್ಯಾಂಡ್ ಕ್ರೂಸರ್. 1960ರ ಕೊನೆಗೆ ಕಂಪನಿ ಸೋಲೊಪ್ಪಿಕೊಂಡು ಕ್ರೌನ್ ರಫ್ತನ್ನೇ ನಿಲ್ಲಿಸಿತು.

ಅದೇ ಕಂಪನಿಯ ಗಾಡಿಯ ಬಗ್ಗೆ ಇವತ್ತು ಬೆಂಗಳೂರಿನ ಯಾವ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ವಿಚಾರಿಸಿದರೂ ‘ಟೈಮಿಗೆ ಸರಿಯಾಗಿ ಆಯಿಲ್ ಚೇಂಜ್ ಮಾಡಿಸಿ, ಓಡಿಸ್ತಾ ಇರಿ’ ಎಂಬ ಉತ್ತರ ಸಿಗುತ್ತದೆ. ಜರ್ಮನ್ ಕಾರು ಓಡಿಸುವಾಗ ಸುಖ, ರಿಪೇರಿಗೆ ಬಂದಾಗ ದುಃಖ. ಕೊರಿಯಾದ್ದರಲ್ಲಿ ಫೀಚರ್ ಜಾಸ್ತಿ. ಅಮೆರಿಕದ್ದು ಪೆಟ್ರೋಲ್ ಕುಡಿಯುತ್ತದೆ. ನಮ್ಮ ದೇಶದ್ದು ಗಟ್ಟಿ, ಆದರೆ ಫಿನಿಶಿಂಗ್ ಕಮ್ಮಿ. ಹೆಣ್ಣು-ಗಂಡು ನೋಡುವಾಗ ವಿಚಾರಿಸುವಂತೆ ಕಾರು ಕೊಳ್ಳುವಾಗಲೂ ಜನ ಮೊದಲು ಕೇಳುವುದು ಕುಲ-ಗೋತ್ರವನ್ನೇ. ಈ ಪ್ರವರ ಹುಟ್ಟಿದ್ದು ಹೇಗೆ? ಅದರಲ್ಲಿ ಈಗಲೂ ಎಷ್ಟು ನಿಜ ಉಳಿದಿದೆ?

ಎಳೆ ಹರಿದರೆ ನಿಲ್ಲುವ ಮಗ್ಗ

ಟೊಯೋಟಾದ ಕಥೆ ಶುರುವಾಗುವುದು ಕಾರಿನಿಂದಲ್ಲ, ಮಗ್ಗದಿಂದ. ಬಡಗಿಯೊಬ್ಬನ ಮಗ ಸಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗಕ್ಕೆ ಒಂದು ವಿಶೇಷ ಗುಣವಿತ್ತು. ನೇಯುವಾಗ ಎಳೆ ಹರಿದರೆ ಅದು ತಾನಾಗಿಯೇ ನಿಂತುಬಿಡುತ್ತಿತ್ತು. ಹಾಳು ಬಟ್ಟೆಯನ್ನು ಗಜಗಟ್ಟಲೆ ನೇಯ್ದು ಆಮೇಲೆ ಮೂಲೆಗೆ ಎಸೆಯುವ ಮಾತೇ ಇಲ್ಲ. ಜವಳಿ ಯಂತ್ರಗಳಿಗೆ ಹೆಸರಾಗಿದ್ದ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಯೇ 1929ರಲ್ಲಿ ಇದರ ಪೇಟೆಂಟ್ ಹಕ್ಕನ್ನು ಕೊಂಡಿತು. ಸಕಿಚಿಯ ಮಗ ಕಿಚಿರೊಗೆ ಕಾರಿನ ಹುಚ್ಚು. 1937ರಲ್ಲಿ ಟೊಯೋಟಾ ಮೋಟಾರ್ ಕಂಪನಿ ಹುಟ್ಟಿತು.

1950ರ ಹೊತ್ತಿಗೆ ಆ ಕಂಪನಿ ದಿವಾಳಿಯ ಅಂಚಿಗೆ ಬಂದಿತ್ತು. ಯುದ್ಧ ಸೋತ ದೇಶ, ಕೈಯಲ್ಲಿ ಕಾಸಿಲ್ಲ, ಕಾರ್ಮಿಕರನ್ನು ತೆಗೆಯಹೊರಟಾಗ ಮುಷ್ಕರ. ಕಿಚಿರೊ ರಾಜೀನಾಮೆ ಕೊಟ್ಟು ಹೊರನಡೆದರು. ಅದೇ ವರ್ಷ ಕೊರಿಯಾ ಯುದ್ಧ ಶುರುವಾಗಿ, ಅಮೆರಿಕದ ಸೇನೆ ಲಾರಿಗಳಿಗೆ ಆರ್ಡರ್ ಕೊಟ್ಟಿದ್ದರಿಂದ ಕಂಪನಿ ಉಸಿರು ಉಳಿಸಿಕೊಂಡಿತು.

ಕಿಚಿರೊನ ದಾಯಾದಿ ಐಜಿ ಟೊಯೋಡಾ ಅದೇ ವರ್ಷ ಅಮೆರಿಕಕ್ಕೆ ಹೋಗಿ ಫೋರ್ಡ್ ಕಂಪನಿಯ ರೂಜ್ ಕಾರ್ಖಾನೆ ನೋಡಿ ಬಂದರು. ಒಂದೇ ಮಾದರಿಯ ಬಿಡಿಭಾಗಗಳನ್ನು ರಾಶಿ ರಾಶಿ ತಯಾರಿಸಿ ಗೋದಾಮಿನಲ್ಲಿಟ್ಟು ಕಾರು ಜೋಡಿಸುವ ಪದ್ಧತಿ ಅಲ್ಲಿಯದು. ಟೊಯೋಟಾದ ಬಳಿ ಗೋದಾಮು ತುಂಬುವಷ್ಟು ಹಣವೇ ಇರಲಿಲ್ಲ. ಕಾರ್ಖಾನೆಯ ಹೊಣೆ ಹೊತ್ತಿದ್ದ ಟೈಚಿ ಓನೊ ಬಡತನಕ್ಕೆ ತಕ್ಕ ಉಪಾಯ ಹೂಡಿದರು: ಬೇಕಾದಾಗ, ಬೇಕಾದಷ್ಟೇ ಭಾಗ ತಯಾರಿಸುವುದು. ಅದರಿಂದ ಯಾರೂ ಎಣಿಸದ ಇನ್ನೊಂದು ಲಾಭವಾಯಿತು. ದಾಸ್ತಾನು ಇದ್ದಲ್ಲಿ ಕೆಟ್ಟ ಭಾಗ ಒಳ್ಳೆಯದರ ನಡುವೆ ಅಡಗಿ ಕೂರುತ್ತದೆ. ದಾಸ್ತಾನೇ ಇಲ್ಲದಿದ್ದರೆ ಒಂದು ಕೆಟ್ಟ ಭಾಗ ಬಂದರೂ ಕೆಲಸ ನಿಲ್ಲುತ್ತದೆ. ನಿಂತಾಗ ಕಾರಣ ಹುಡುಕದೆ ಗತಿಯಿಲ್ಲ. ಸಕಿಚಿಯ ಮಗ್ಗದ ಗುಣವನ್ನು ಓನೊ ಮನುಷ್ಯರಿಗೂ ಕೊಟ್ಟರು. ದೋಷ ಕಂಡ ಯಾವ ಕಾರ್ಮಿಕನೂ ಹಗ್ಗ ಎಳೆದು ಇಡೀ ಅಸೆಂಬ್ಲಿ ಲೈನ್ ನಿಲ್ಲಿಸಬಹುದಾಯಿತು.

ಜಪಾನಿನ ಎಂಜಿನಿಯರುಗಳಿಗೆ ಗುಣಮಟ್ಟದ ಲೆಕ್ಕಶಾಸ್ತ್ರ ಹೇಳಿಕೊಟ್ಟದ್ದು ಮಾತ್ರ ಅಮೆರಿಕದವರೇ. ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿಗೆ ಬಂದು ಉಪನ್ಯಾಸ ಕೊಟ್ಟರು. ಅವರ ಹೆಸರಿನ ಪ್ರಶಸ್ತಿ ಮರುವರ್ಷವೇ ಶುರುವಾಯಿತು. 1960ರಲ್ಲಿ ನಿಸ್ಸಾನ್, 1965ರಲ್ಲಿ ಟೊಯೋಟಾ ಅದನ್ನು ಗೆದ್ದವು. ಸ್ವದೇಶದಲ್ಲಿ ಡೆಮಿಂಗ್ ಮಾತಿಗೆ ಕಿವಿ ಸಿಕ್ಕದ್ದು 1980ರಲ್ಲಿ. ‘ಜಪಾನಿಗೆ ಸಾಧ್ಯವಾದದ್ದು ನಮಗೇಕಾಗದು’ ಎಂದು ಕೇಳುವ ಸಾಕ್ಷ್ಯಚಿತ್ರವೊಂದು ಅಮೆರಿಕದ ಟೀವಿಯಲ್ಲಿ ಪ್ರಸಾರವಾದ ಮೇಲೆ.

ತೈಲ ಕೊಟ್ಟ ಪೆಟ್ಟು

ಒಳ್ಳೆಯ ಕಾರು ಮಾಡಿದರೆ ಸಾಲದು, ಅದನ್ನು ಕೊಳ್ಳಲು ಜನಕ್ಕೊಂದು ಕಾರಣ ಬೇಕು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿರ್ಬಂಧ ಹೇರಿದವು. ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಉದ್ದುದ್ದದ ಭಾರಿ ಕಾರುಗಳನ್ನಿಟ್ಟುಕೊಂಡು ಪೆಟ್ರೋಲ್ ಬಂಕಿನ ಸಾಲಿನಲ್ಲಿ ನಿಂತಿದ್ದ ಜನ ಮೊದಲ ಬಾರಿಗೆ ಸಣ್ಣ ಜಪಾನ್ ಕಾರುಗಳತ್ತ ಹೊರಳಿ ನೋಡಿದರು. ಹೋಂಡಾ ಕಂಪನಿಯ ಸಿವಿಕ್ ಕಾರಿನ ಸಿವಿಸಿಸಿ ಎಂಜಿನ್, ಅಮೆರಿಕದ ಹೊಸ ಹೊಗೆ ಕಾನೂನನ್ನು ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದೆಯೇ ಪಾಲಿಸಿ ತೋರಿಸಿತು.

ಮೈಲೇಜಿನ ಆಸೆಗೆ ಕೊಂಡವರು ಮೂರ‍್ನಾಲ್ಕು ವರ್ಷ ಓಡಿಸಿದ ಮೇಲೆ ಬೇರೆಯದೇ ಮಾತಾಡತೊಡಗಿದರು: ಈ ಕಾರು ಗ್ಯಾರೇಜಿಗೆ ಹೋಗುವುದೇ ಇಲ್ಲ. 1980ರಲ್ಲಿ ಜಪಾನ್ ಅಮೆರಿಕವನ್ನು ಹಿಂದಿಕ್ಕಿ ಜಗತ್ತಿನಲ್ಲೇ ಅತಿ ಹೆಚ್ಚು ವಾಹನ ತಯಾರಿಸುವ ದೇಶವಾಯಿತು. ಗಾಬರಿಗೊಂಡ ಅಮೆರಿಕದ ಒತ್ತಡಕ್ಕೆ ಮಣಿದು 1981ರಲ್ಲಿ ಜಪಾನ್ ತನ್ನ ಕಾರು ರಫ್ತಿಗೆ ತಾನೇ ವರ್ಷಕ್ಕೆ 16.8 ಲಕ್ಷದ ಮಿತಿ ಹಾಕಿಕೊಂಡಿತು. ಪರಿಣಾಮ ಮಾತ್ರ ತಿರುಗುಮುರುಗು. ಎಣಿಕೆಗೆ ಮಿತಿ ಬಿದ್ದಾಗ ಜಪಾನಿನವರು ಹೆಚ್ಚು ಬೆಲೆಯ ಕಾರು ಕಳಿಸತೊಡಗಿದರು, ಅಮೆರಿಕದ ನೆಲದಲ್ಲೇ ಕಾರ್ಖಾನೆ ಕಟ್ಟಿದರು. 1982ರಲ್ಲಿ ಓಹಾಯೊದ ಮೇರಿಸ್‌ವಿಲ್‌ನಲ್ಲಿ ಹೋಂಡಾ ಅಕಾರ್ಡ್ ತಯಾರಿಕೆ ಶುರುವಾಯಿತು.

ಒಂದೇ ಲೈನು, ಎರಡು ಹೆಸರು

ಗುಣ ಇರುವುದು ರಕ್ತದಲ್ಲೋ ಪದ್ಧತಿಯಲ್ಲೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಅಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ ಆ ಕಂಪನಿಯಲ್ಲೇ ಕುಖ್ಯಾತ. ಐವರಲ್ಲೊಬ್ಬ ಕೆಲಸಕ್ಕೆ ಗೈರು, ಬಂದವರಲ್ಲಿ ಕುಡಿದು ಬಂದವರೂ ಇದ್ದರು. ದೋಷವಿದ್ದರೂ ಲೈನ್ ನಿಲ್ಲಿಸಬಾರದೆಂಬುದು ಅಲ್ಲಿನ ಕಟ್ಟಪ್ಪಣೆ. 1982ರಲ್ಲಿ ಅದಕ್ಕೆ ಬೀಗ ಬಿತ್ತು. 1984ರಲ್ಲಿ ಟೊಯೋಟಾ ಮತ್ತು ಜನರಲ್ ಮೋಟಾರ್ಸ್ ಕೂಡಿ ‘ನಮ್ಮಿ’ ಎಂಬ ಹೆಸರಿನಲ್ಲಿ ಅದನ್ನು ಮತ್ತೆ ತೆರೆದವು. ಕಾರ್ಮಿಕರಲ್ಲಿ ಬಹುಪಾಲು ಹಳಬರೇ, ಸಂಘವೂ ಹಳೆಯದೇ. ಬದಲಾದದ್ದು ನಡೆಸುವ ರೀತಿ ಮಾತ್ರ. ತಂಡಗಳ ಮುಂದಾಳುಗಳನ್ನು ಜಪಾನಿಗೆ ಕಳಿಸಿ ತರಬೇತಿ ಕೊಡಿಸಿದರು, ಲೈನ್ ನಿಲ್ಲಿಸುವ ಹಗ್ಗವನ್ನು ಕಾರ್ಮಿಕರ ಕೈಗೇ ಕೊಟ್ಟರು. ಎರಡೇ ವರ್ಷದಲ್ಲಿ ಅಲ್ಲಿಂದ ಹೊರಬಂದ ಕಾರುಗಳ ಗುಣಮಟ್ಟ ಜಪಾನಿನವುಗಳ ಹತ್ತಿರಕ್ಕೆ ಬಂತು.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಅದೇ ಲೈನಿನಿಂದ ಟೊಯೋಟಾ ಕೊರೊಲಾ ಮತ್ತು ಜನರಲ್ ಮೋಟಾರ್ಸ್‌ನ ಜಿಯೋ ಪ್ರಿಜಂ ಎರಡೂ ಇಳಿಯುತ್ತಿದ್ದವು. ಎಂಜಿನ್, ಗೇರ್‌ಬಾಕ್ಸ್, ಜೋಡಿಸಿದ ಕೈಗಳು ಎಲ್ಲ ಒಂದೇ. ಆದರೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕೊರೊಲಾಗೆ ಸಿಗುತ್ತಿದ್ದ ಬೆಲೆ ಪ್ರಿಜಂಗೆ ಸಿಗುತ್ತಿರಲಿಲ್ಲ. ಹೆಸರನ್ನು ನೋಡದೆ ಪ್ರಿಜಂ ಕೊಂಡ ಜಾಣರು ಕಡಿಮೆ ಹಣಕ್ಕೆ ಕೊರೊಲಾವನ್ನೇ ಓಡಿಸಿದರು.

ಬೆಂಜ್ ಎಡವಿದ ಕಾಲ

ಜರ್ಮನ್ ಕಾರುಗಳಿಗೆ ಇಂದಿನ ಹೆಸರು ಯಾವಾಗಲೂ ಇರಲಿಲ್ಲ. 1976ರಲ್ಲಿ ಬಂದ ಮರ್ಸಿಡಿಸ್ ಡಬ್ಲ್ಯೂ123 ಮಾದರಿ ಹತ್ತು ವರ್ಷದಲ್ಲಿ ಸುಮಾರು 27 ಲಕ್ಷ ತಯಾರಾಗಿ, ಯುರೋಪಿನಿಂದ ಆಫ್ರಿಕಾದವರೆಗೆ ಟ್ಯಾಕ್ಸಿಯಾಗಿ ದುಡಿಯಿತು. ಅದಕ್ಕೂ ಹಿಂದಿನ ಮಾದರಿಯ 240ಡಿ ಕಾರೊಂದು ಗ್ರೀಸಿನ ಥೆಸಲೋನಿಕಿಯ ಟ್ಯಾಕ್ಸಿ ಚಾಲಕರ ಕೈಯಲ್ಲಿ 46 ಲಕ್ಷ ಕಿಲೋಮೀಟರ್ ಓಡಿ, 2004ರಲ್ಲಿ ಕಂಪನಿಯ ಮ್ಯೂಸಿಯಂ ಸೇರಿತು. ಅಂದು ಬೆಂಜ್ ಎಂದರೆ ದುಬಾರಿ ನಿಜ, ಆದರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುವ ಆಸ್ತಿ.

1989ರಲ್ಲಿ ಟೊಯೋಟಾ ‘ಲೆಕ್ಸಸ್’ ಎಂಬ ಹೊಸ ಹೆಸರಿನಲ್ಲಿ ಎಲ್‌ಎಸ್ 400 ಕಾರನ್ನು ಅಮೆರಿಕದಲ್ಲಿ 35,000 ಡಾಲರಿಗೆ ಮಾರತೊಡಗಿತು. ಅದೇ ದರ್ಜೆಯ ಜರ್ಮನ್ ಕಾರುಗಳಿಗಿಂತ ಎಷ್ಟೋ ಅಗ್ಗ. ಕೆಲವೇ ತಿಂಗಳಲ್ಲಿ ಎರಡು ದೂರು ಬಂದವು. ಕಂಪನಿ ತಾನಾಗಿಯೇ ಸುಮಾರು 8,000 ಕಾರುಗಳನ್ನು ವಾಪಸ್ ಕರೆಸಿತು. ಮಾಲೀಕರ ಮನೆಯಿಂದ ಕಾರು ಒಯ್ದು, ಸರಿಪಡಿಸಿ, ತೊಳೆದು, ಪೆಟ್ರೋಲ್ ತುಂಬಿಸಿ ತಂದು ನಿಲ್ಲಿಸಿತು. ಮುಗ್ಗರಿಸಬೇಕಿದ್ದ ಜಾಗದಲ್ಲಿ ಹೆಸರು ಮಾಡಿತು.

ಮರುವರ್ಷ, ಅಂದರೆ 1990ರಲ್ಲಿ, ಅಮೆರಿಕದ ಎಂಐಟಿಯ ಸಂಶೋಧಕರು ಜಗತ್ತಿನ ಕಾರು ಕಾರ್ಖಾನೆಗಳನ್ನು ಹೋಲಿಸಿ ಪುಸ್ತಕವೊಂದನ್ನು ಪ್ರಕಟಿಸಿದರು. ಜರ್ಮನಿಯ ಐಷಾರಾಮಿ ಕಾರು ಕಾರ್ಖಾನೆಯೊಂದರಲ್ಲಿ ಲೈನಿನ ಕೊನೆಯಲ್ಲಿ ಬಿಳಿ ಕೋಟಿನ ನುರಿತ ಕುಶಲಕರ್ಮಿಗಳು ಕಾರಿನ ದೋಷ ತಿದ್ದುತ್ತ ಕೂತಿದ್ದರು. ಅಲ್ಲಿ ತಪ್ಪು ತಿದ್ದಲು ತಗುಲುತ್ತಿದ್ದ ಶ್ರಮ, ಜಪಾನಿನಲ್ಲಿ ಇಡೀ ಕಾರನ್ನು ತಪ್ಪಿಲ್ಲದೆ ತಯಾರಿಸಲು ಬೇಕಾದ ಶ್ರಮಕ್ಕಿಂತ ಹೆಚ್ಚು ಎಂದು ಅವರು ಬರೆದರು. ಕುಶಲಕಲೆ ಎಂದು ಮೆಚ್ಚಿದ್ದು ನಿಜವಾಗಿ ತೇಪೆ ಕೆಲಸವಾಗಿತ್ತು.

ಆಮೇಲಿನ ವರ್ಷಗಳಲ್ಲಿ ಖರ್ಚು ಇಳಿಸುವ ಭರ, ಕಾರಿನೊಳಗೆ ಬೆಳೆಯುತ್ತ ಹೋದ ಎಲೆಕ್ಟ್ರಾನಿಕ್ಸ್ ಎರಡೂ ಮರ್ಸಿಡಿಸ್‌ಗೆ ಮುಳುವಾದವು. 1990ರ ದಶಕದ ಇ-ಕ್ಲಾಸ್ ಕಾರುಗಳು ತುಕ್ಕು ಹಿಡಿದವು. 2005ರಲ್ಲಿ ಬ್ರೇಕ್ ಮತ್ತು ವಿದ್ಯುತ್ ವ್ಯವಸ್ಥೆಯ ದೋಷಗಳಿಗಾಗಿ ಕಂಪನಿ 13 ಲಕ್ಷ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಜರ್ಮನಿಯಲ್ಲಿ ಹೊಸ ಕಾರುಗಳ ದೊಡ್ಡ ಪಾಲು ಕಂಪನಿಗಳ ಹೆಸರಲ್ಲಿ ನೋಂದಣಿಯಾಗಿ, ಕೆಲವು ವರ್ಷ ಓಡಿ ಕೈ ಬದಲಿಸುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಮೊದಲ ಮಾಲೀಕನಿಗೆ ಸುಖ, ವಾರಂಟಿ ಮುಗಿದ ಮೇಲೆ ಕೊಂಡವನಿಗೆ ಬಿಲ್ಲು. ಬೆಂಗಳೂರಿನಲ್ಲಿ ಹತ್ತು ವರ್ಷ ಹಳೆಯ ಜರ್ಮನ್ ಸೆಡಾನ್ ಒಂದು ಹೊಸ ಸಣ್ಣ ಕಾರಿನ ಬೆಲೆಗೆ ಸಿಗುವುದರ ಗುಟ್ಟೂ ಇದೇ.

ನಗೆಪಾಟಲಿನಿಂದ ಹತ್ತು ವರ್ಷದ ವಾರಂಟಿಗೆ

ಕೊರಿಯಾದ ಹ್ಯುಂಡೈ 1986ರಲ್ಲಿ ಎಕ್ಸೆಲ್ ಕಾರನ್ನು ಅಮೆರಿಕಕ್ಕೆ ತಂದಾಗ ಬೆಲೆ ಬರೀ 4,995 ಡಾಲರ್. ಮೊದಲ ವರ್ಷವೇ ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರಾಟ. ಮೂರ‍್ನಾಲ್ಕು ವರ್ಷದಲ್ಲಿ ಆ ಕಾರುಗಳು ಕಳಚಿ ಬೀಳತೊಡಗಿ, ಟೀವಿಯ ಹಾಸ್ಯ ಕಾರ್ಯಕ್ರಮಗಳಿಗೆ ಹ್ಯುಂಡೈ ವಸ್ತುವಾಯಿತು. ಅಗ್ಗ ಎಂದು ಕೊಂಡವರು ದಂಡ ತೆತ್ತರು.

1998ರಲ್ಲಿ ಕಂಪನಿ ಒಂದು ಜೂಜಾಡಿತು. ಅಮೆರಿಕದಲ್ಲಿ ಎಂಜಿನ್-ಗೇರ್‌ಬಾಕ್ಸ್‌ಗೆ ಹತ್ತು ವರ್ಷ ಅಥವಾ ಒಂದು ಲಕ್ಷ ಮೈಲಿಯ ವಾರಂಟಿ ಘೋಷಿಸಿತು. ಇದು ಗಿರಾಕಿಗೆ ಕೊಟ್ಟ ಮಾತಷ್ಟೇ ಆಗಿರಲಿಲ್ಲ. ಕಾರು ಕೆಟ್ಟರೆ ಖರ್ಚು ಕಂಪನಿಯದೇ ಆದ್ದರಿಂದ ಎಂಜಿನಿಯರುಗಳ ಕುತ್ತಿಗೆಗೆ ಕಟ್ಟಿದ ಗಂಟೆಯೂ ಹೌದು. ಮರುವರ್ಷ ಅಧ್ಯಕ್ಷರಾದ ಚಂಗ್ ಮಾಂಗ್-ಕೂ ಗುಣಮಟ್ಟವನ್ನೇ ಜಪಿಸಿದರು. 2004ರ ಜೆ.ಡಿ. ಪವರ್ ಸಮೀಕ್ಷೆಯಲ್ಲಿ, ಹೊಸ ಕಾರುಗಳ ಮೊದಲ ಮೂರು ತಿಂಗಳ ತೊಂದರೆಗಳ ಲೆಕ್ಕದಲ್ಲಿ, ಹ್ಯುಂಡೈ ಟೊಯೋಟಾಗಿಂತ ಮುಂದೆ ಬಂತು. ಅಮೆರಿಕದಲ್ಲಿ ನಗೆಪಾಟಲಾಗಿದ್ದ ಆ 1998ರಲ್ಲೇ ಚೆನ್ನೈ ಬಳಿಯ ಕಾರ್ಖಾನೆಯಿಂದ ಸ್ಯಾಂಟ್ರೊ ಹೊರಬಂದು ನಮ್ಮಲ್ಲಿ ಮನೆಮಾತಾಗಿತ್ತು.

ಗೆದ್ದದ್ದು ಕೈಯಲ್ಲೇ ಉಳಿಯುತ್ತದೆಂಬ ಖಾತ್ರಿಯಿಲ್ಲ. 2015ರಲ್ಲಿ ಹ್ಯುಂಡೈ ಅಮೆರಿಕದಲ್ಲಿ ಸುಮಾರು 4.7 ಲಕ್ಷ ಸೊನಾಟಾ ಕಾರುಗಳನ್ನು ವಾಪಸ್ ಕರೆಸಿತು. ಎಂಜಿನ್ ತಯಾರಿಸುವಾಗ ಉಳಿದ ಲೋಹದ ಚೂರು ಆಯಿಲ್ ದಾರಿಯಲ್ಲಿ ಸಿಕ್ಕಿ ಬೇರಿಂಗ್ ಹಾಳಾಗುತ್ತಿತ್ತು. ಆ ಎಂಜಿನ್‌ಗಳು ತಯಾರಾದದ್ದು ಅಮೆರಿಕದ ಅಲಬಾಮಾದಲ್ಲಿ. 2024ರಲ್ಲಿ ಟೊಯೋಟಾ ಕೂಡ ಅಂಥದ್ದೇ ಚೂರುಗಳ ಕಾರಣಕ್ಕೆ ಟುಂಡ್ರಾ ಮತ್ತು ಲೆಕ್ಸಸ್ ಎಲ್‌ಎಕ್ಸ್ ಸೇರಿ ಒಂದು ಲಕ್ಷದಷ್ಟು ವಾಹನಗಳನ್ನು ಕರೆಸಿಕೊಂಡಿತು. ಇದಕ್ಕೂ ಮುಂಚೆ 2010ರ ಫೆಬ್ರುವರಿಯಲ್ಲಿ, ತಾನಾಗಿ ವೇಗ ಹೆಚ್ಚುವ ಕಾರುಗಳ ದೂರಿನ ಬಗ್ಗೆ ಅಧ್ಯಕ್ಷ ಅಕಿಯೊ ಟೊಯೋಡಾ ಅಮೆರಿಕದ ಸಂಸತ್ತಿನ ಮುಂದೆ ಬಂದು ಕ್ಷಮೆ ಕೇಳಿದ್ದರು. ಕಂಪನಿ ಬೆಳೆದ ವೇಗಕ್ಕೆ ತಕ್ಕಂತೆ ಜನರನ್ನು ತರಬೇತು ಮಾಡಲಾಗಲಿಲ್ಲ ಎಂಬುದು ಅವರೇ ಕೊಟ್ಟ ಕಾರಣ.

ಉತ್ತರಪಾರಾದಿಂದ ಬಿಡದಿಗೆ

ಭಾರತದಲ್ಲಿ ಈ ಹೋಲಿಕೆ ಶುರುವಾದದ್ದು 1983ರ ಡಿಸೆಂಬರ್ 14ರಂದು, ಮೊದಲ ಮಾರುತಿ 800 ಕಾರಿನ ಕೀಲಿಯನ್ನು ಇಂದಿರಾ ಗಾಂಧಿ ಗ್ರಾಹಕರೊಬ್ಬರಿಗೆ ಕೊಟ್ಟ ದಿನ. ಅಲ್ಲಿಯತನಕ ಇದ್ದದ್ದು ಮುಖ್ಯವಾಗಿ ಎರಡು: ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂಲದ ಅಂಬಾಸಿಡರ್ ಬಂಗಾಳದ ಉತ್ತರಪಾರಾದಲ್ಲಿ, ಇಟಲಿಯ ಫಿಯೆಟ್ 1100 ಮೂಲದ ಪದ್ಮಿನಿ ಮುಂಬೈಯಲ್ಲಿ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿದ್ದಾಗ ಗುಣಮಟ್ಟ ಕೇಳುವವರು ಯಾರು? ಅಂಬಾಸಿಡರ್ ಕೆಡುತ್ತಿತ್ತು, ಆದರೆ ಯಾವ ಹಳ್ಳಿಯ ಮೆಕ್ಯಾನಿಕ್ಕಾದರೂ ಅದನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ. ಅಂದಿನ ರಸ್ತೆಗಳಲ್ಲಿ ಅದೂ ಒಂದು ಭರವಸೆಯೇ.

ಮಾರುತಿಯ ಜೊತೆಗಾರನಾಗಿ ಜಪಾನಿನ ಸುಜುಕಿ ಬಂದಾಗ ಗುರಗಾಂವದ ಕಾರ್ಖಾನೆಗೆ ಎಂಜಿನ್ ಜೊತೆ ಶಿಸ್ತೂ ಬಂತು. ಮೇಲಧಿಕಾರಿಗೂ ಕಾರ್ಮಿಕನಿಗೂ ಒಂದೇ ಸಮವಸ್ತ್ರ, ಒಂದೇ ಕ್ಯಾಂಟೀನು. ಬಿಡಿಭಾಗ ಪೂರೈಸುವವರನ್ನು ಹತ್ತಿರದಲ್ಲೇ ಬೆಳೆಸಿದರು. 796 ಸಿಸಿ ಎಂಜಿನ್ನಿನ ಆ ಪುಟ್ಟ ಕಾರು 2014ರವರೆಗೂ ತಯಾರಾಯಿತು. ಮಾರುತಿಯ ಮರುಮಾರಾಟ ಬೆಲೆ ಇಂದಿಗೂ ಗಟ್ಟಿಯಾಗಿರುವುದಕ್ಕೆ ಎಂಜಿನ್ ಎಷ್ಟು ಕಾರಣವೋ ತಾಲ್ಲೂಕು ಕೇಂದ್ರಗಳವರೆಗೂ ಹಬ್ಬಿದ ಸರ್ವಿಸ್ ಜಾಲವೂ ಅಷ್ಟೇ ಕಾರಣ. ಟಾಟಾ 1998ರಲ್ಲಿ ಸ್ವಂತವಾಗಿ ರೂಪಿಸಿದ ಇಂಡಿಕಾದ ಮೊದಲ ಗಿರಾಕಿಗಳು ದೂರುಗಳ ಸುರಿಮಳೆಗರೆದರು. 2001ರ ವಿ2 ಮಾದರಿಯಲ್ಲಿ ಕಂಪನಿ ಅವನ್ನೆಲ್ಲ ತಿದ್ದಿಕೊಂಡ ಮೇಲೆ ಅದೇ ಕಾರು ಊರೂರ ಟ್ಯಾಕ್ಸಿಯಾಯಿತು.

ಕರ್ನಾಟಕದ ಪಾಲಿಗೆ ದೊಡ್ಡ ತಿರುವು ಬಿಡದಿ. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಅಲ್ಲಿನ ಕಾರ್ಖಾನೆಯಿಂದ 2000ದ ಜನವರಿಯಲ್ಲಿ ಕ್ವಾಲಿಸ್ ಬಿಡುಗಡೆ ಮಾಡಿತು. ಇಂಡೊನೇಷ್ಯಾದ ಹಳೆಯ ಕಿಜಾಂಗ್ ಗಾಡಿಯ ರೂಪಾಂತರವದು. ಅಂದವಿಲ್ಲ, ವೇಗವಿಲ್ಲ. ಆದರೆ ಬೆಂಗಳೂರಿನ ಕಾಲ್‌ಸೆಂಟರ್‌ಗಳು ಹಗಲು-ರಾತ್ರಿ ಪಾಳಿಯಲ್ಲಿ ದುಡಿಸಿದಾಗ ಅದರ ನಿಜಗುಣ ಗೊತ್ತಾಯಿತು. ಬೇಡಿಕೆ ಇನ್ನೂ ಇರುವಾಗಲೇ, 2005ರಲ್ಲಿ, ಕಂಪನಿ ಅದನ್ನು ನಿಲ್ಲಿಸಿ ಇನ್ನೋವಾ ತಂದಿತು. ಶಾಸಕರ ಬೆಂಗಾವಲಿನಿಂದ ಧರ್ಮಸ್ಥಳದ ಯಾತ್ರೆಯವರೆಗೆ ಅದರ ಓಟ ಎಲ್ಲರಿಗೂ ಗೊತ್ತು. ಬಿಡದಿಯಲ್ಲಿ 2006ರಲ್ಲೂ 2020ರಲ್ಲೂ ಮುಷ್ಕರ, ಲಾಕೌಟ್ ನಡೆದದ್ದನ್ನೂ ಮರೆಯುವಂತಿಲ್ಲ. ಲೈನಿನ ಶಿಸ್ತಿಗೆ ಕಾರ್ಮಿಕರು ತೆರುವ ಬೆಲೆಯ ಪ್ರಶ್ನೆ ಅಲ್ಲಿ ಇನ್ನೂ ಜೀವಂತ.

ಅಳೆಯುವುದು ಹೇಗೆ?

ಜೆ.ಡಿ. ಪವರ್ ನೂರು ಕಾರಿಗೆ ಎಷ್ಟು ತೊಂದರೆ ಎಂದು ಎಣಿಸುತ್ತದೆ. ಅದರ ಲೆಕ್ಕದಲ್ಲಿ ಫೋನಿಗೆ ಜೋಡಿಯಾಗದ ಟಚ್‌ಸ್ಕ್ರೀನೂ ಒಂದು ತೊಂದರೆ, ಕೈಕೊಟ್ಟ ಗೇರ್‌ಬಾಕ್ಸೂ ಒಂದು ತೊಂದರೆ. ಜಾಹೀರಾತು ಪಡೆಯದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ತನ್ನ ಸದಸ್ಯರ ಅನುಭವ ಕೇಳಿ ಬರೆಯುತ್ತದೆ. ಜರ್ಮನಿಯ ಎಡಿಎಸಿ ಸಂಸ್ಥೆ ತನ್ನ ಹಳದಿ ವಾಹನಗಳು ಕೆಟ್ಟು ನಿಂತ ಕಾರುಗಳ ನೆರವಿಗೆ ಹೋದ ಪ್ರಕರಣಗಳನ್ನು ಲೆಕ್ಕ ಹಾಕುತ್ತದೆ. ಅದರ ಪಟ್ಟಿಯಲ್ಲಿ ರಸ್ತೆ ಮಧ್ಯೆ ಕಾರು ನಿಲ್ಲಲು ಮೊದಲ ಕಾರಣ ಎಂಜಿನ್ನಲ್ಲ, ಸಾಮಾನ್ಯ 12 ವೋಲ್ಟ್ ಬ್ಯಾಟರಿ. ಕನ್ಸ್ಯೂಮರ್ ರಿಪೋರ್ಟ್ಸ್‌ನ 2023ರ ಸಮೀಕ್ಷೆಯಲ್ಲಿ ಹೈಬ್ರಿಡ್ ಕಾರುಗಳಿಗೆ ಪೆಟ್ರೋಲ್ ಕಾರುಗಳಿಗಿಂತ ಶೇ 26ರಷ್ಟು ಕಡಿಮೆ ತೊಂದರೆ, ವಿದ್ಯುತ್ ಕಾರುಗಳಿಗೆ ಶೇ 79ರಷ್ಟು ಹೆಚ್ಚು ತೊಂದರೆ ಕಂಡುಬಂತು. ಚಲಿಸುವ ಭಾಗ ಕಡಿಮೆಯಿದ್ದರೂ ವಿದ್ಯುತ್ ಕಾರುಗಳಲ್ಲಿ ಬಹಳಷ್ಟು ಹೊಸ ಕಂಪನಿ, ಹೊಸ ಮಾದರಿಗಳಾದ್ದರಿಂದ ಹೀಗಾದದ್ದು. ಹೈಬ್ರಿಡ್ ತಂತ್ರಜ್ಞಾನವನ್ನು ಟೊಯೋಟಾ 1997ರ ಪ್ರಿಯಸ್‌ನಿಂದ ತಿದ್ದುತ್ತಲೇ ಬಂದಿದೆ.

ಅಂದರೆ ನಂಬಿಕೆಗೆ ಆಧಾರ ದೇಶವಲ್ಲ, ಹಳತಾಗುವವರೆಗೂ ತಿದ್ದಿದ ಯಂತ್ರ. ಇಂದಿನ ಕಾರುಗಳಿಗೆ ಒಂದೇ ದೇಶವೂ ಇಲ್ಲ. ಟೊಯೋಟಾ ಮಾರುವ ಗ್ಲಾನ್ಜಾ ವಾಸ್ತವದಲ್ಲಿ ಗುಜರಾತಿನಲ್ಲಿ ತಯಾರಾಗುವ ಸುಜುಕಿ ಬಲೆನೊ. ಮಾರುತಿ ಮಾರಾಟಕ್ಕಿಟ್ಟ ಗ್ರ್ಯಾಂಡ್ ವಿಟಾರಾ ತಯಾರಾಗತೊಡಗಿದ್ದು ಟೊಯೋಟಾದ ಬಿಡದಿ ಕಾರ್ಖಾನೆಯಲ್ಲಿ. ಸ್ವೀಡನ್ನಿನ ವೋಲ್ವೊ ಕಾರು ಕಂಪನಿ 2010ರಿಂದ ಚೀನಾದ ಗೀಲಿ ಒಡೆತನದಲ್ಲಿದೆ, ಅದರ ಕಾರು ಜೋಡಣೆಯಾಗುವುದು ಹೊಸಕೋಟೆಯಲ್ಲಿ. ಬ್ರಿಟನ್ನಿನ ಜಾಗ್ವಾರ್ ಲ್ಯಾಂಡ್ ರೋವರ್ 2008ರಿಂದ ಟಾಟಾದ್ದು. ಫ್ರೀಮಾಂಟ್‌ನ ಆ ಹಳೆಯ ಕಾರ್ಖಾನೆಯಲ್ಲಿ ಈಗ ಟೆಸ್ಲಾ ತಯಾರಾಗುತ್ತದೆ.

ಹಾಗಾಗಿ ಮುಂದಿನ ಕಾರು ಕೊಳ್ಳುವಾಗ ದೇಶದ ಹೆಸರು ಬಿಟ್ಟು ನಾಲ್ಕು ಪ್ರಶ್ನೆ ಕೇಳಿ. ಈ ಎಂಜಿನ್-ಗೇರ್‌ಬಾಕ್ಸ್ ಜೋಡಿ ಎಷ್ಟು ವರ್ಷದಿಂದ ರಸ್ತೆಯಲ್ಲಿದೆ? ವಾರಂಟಿ ಯಾವ ಭಾಗಕ್ಕೆ, ಎಷ್ಟು ಕಿಲೋಮೀಟರಿಗೆ? ಕ್ಲಚ್, ಹೆಡ್‌ಲೈಟ್, ಬಂಪರ್ ಬದಲಿಸಲು ಎಷ್ಟಾಗುತ್ತದೆ? ನಿಮ್ಮ ಊರಿಗೆ ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ? ಹೊಚ್ಚ ಹೊಸ ಮಾದರಿಯಾದರೆ ಬುಕಿಂಗ್ ಮಾಡುವ ಮುನ್ನ ಒಂದು ವರ್ಷ ಕಾಯಿರಿ. ಅಷ್ಟರಲ್ಲಿ ಅದರ ಮೊದಲ ದೂರುಗಳು ಬಂದಿರುತ್ತವೆ, ಕಂಪನಿ ಅವನ್ನು ತಿದ್ದಿತೇ ಇಲ್ಲವೇ ಎಂಬುದೂ ತಿಳಿದಿರುತ್ತದೆ.